ಗಾಲಿಯ ಮೇಲಿನ ಮನೆಗೆ ನೀರು ಕೊಟ್ಟವರು

ನಮ್ಮ ಮನೆಯ ನೀರಿನ ಟ್ಯಾಂಕು ನೂರು ಲೀಟರಿನದು. ನಗರದಲ್ಲಿರುವ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕೆಂದು ಸರ್ಕಾರದ ನೀರು ಸರಬರಾಜು ಕೈಪಿಡಿ ಲೆಕ್ಕ ಹಾಕುತ್ತದೆ. ಜಲ ಜೀವನ್ ಮಿಷನ್ ಹಳ್ಳಿಯವರಿಗೆ ತಲಾ 55 ಲೀಟರ್ ಗೊತ್ತುಮಾಡಿದೆ. ಟೆಂಪೋ ಟ್ರಾವೆಲರ್ ಒಂದರ ಒಡಲೊಳಗೆ ಮಂಚ, ಅಡುಗೆಕಟ್ಟೆ, ಪುಸ್ತಕದ ಗೂಡು ಎಲ್ಲವನ್ನೂ ಹೊಂದಿಸಿಕೊಂಡು ವರ್ಷಪೂರ್ತಿ ಅದರಲ್ಲಿಯೇ ಬದುಕುತ್ತಿರುವ ನಾನು ಮತ್ತು ನಮ್ಮವರು, ಒಬ್ಬ ನಗರವಾಸಿಯ ಒಂದು ದಿನದ ಪಾಲಿಗಿಂತ ಕಡಿಮೆ ನೀರಿನಲ್ಲಿ ಮೂರು ದಿನ ಕಳೆಯುತ್ತೇವೆ. ಅಡುಗೆಗೆ, ಪಾತ್ರೆಗೆ, ಮುಖ ತೊಳೆಯುವುದಕ್ಕೆ, ಚೊಂಬಿನಲ್ಲಿ ಎಣಿಸಿ ಸುರಿದುಕೊಳ್ಳುವ ಅರ್ಧ ಬಕೆಟ್ಟಿನ ಸ್ನಾನಕ್ಕೆ ಅಷ್ಟು ನೀರು ಸಾಲುತ್ತದೆ. ಅಕ್ಕಿ ತೊಳೆದ ನೀರಿನಲ್ಲಿ ಮೊದಲು ಪಾತ್ರೆಯ ಜಿಡ್ಡು ಹೋಗುತ್ತದೆ, ಆಮೇಲೆ ಒಂದೇ ಲೋಟ ಒಳ್ಳೆಯ ನೀರು. ಇದು ನಮ್ಮ ಅಜ್ಜಿಯಂದಿರು ಬಾವಿಯಿಂದ ಸೇದಿ ತರುತ್ತಿದ್ದ ಕಾಲದಲ್ಲಿ ಯಾರೂ ಹೇಳಿಕೊಡದೆ ಕಲಿತಿದ್ದ ವಿದ್ಯೆ. ನಾನು ಕಲಿಯುವುದಕ್ಕೆ ಗಾಲಿಯ ಮೇಲೆ ಬಂದು ಕೂರಬೇಕಾಯಿತು.

ಮೂರನೆಯ ದಿನ ಟ್ಯಾಂಕಿನ ತಳ ಕಂಡಾಗ ಯಾರನ್ನಾದರೂ ಕೇಳಲೇಬೇಕು. ಕುಡಿಯುವ ನೀರಿಗೆ ದಾರಿಯಿದೆ: ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಬಳಸುವ ನೀರಿಗೆ ಮಾತ್ರ ಪೆಟ್ರೋಲ್ ಬಂಕು, ದೇವಸ್ಥಾನದ ನಲ್ಲಿ, ಇಲ್ಲವೇ ಯಾರದಾದರೂ ತೋಟದ ಪಂಪ್‌ಸೆಟ್ಟು ಆಗಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ಬರುವುದು ದಿನಕ್ಕೆ ಸುಮಾರು ಏಳು ಗಂಟೆ, ಅದೂ ಒಂದೊಂದು ಫೀಡರಿಗೆ ಒಂದೊಂದು ಹೊತ್ತಿನಲ್ಲಿ. ಹೀಗಾಗಿ "ಸ್ವಲ್ಪ ನೀರು ತುಂಬಿಸಿಕೊಳ್ಳಬಹುದಾ ಅಣ್ಣಾ" ಎಂದು ಕೇಳಿದರೆ, "ತುಂಬಿಸ್ಕೊಳ್ಳಿ, ಆದರೆ ಕರೆಂಟು ನಾಲ್ಕು ಗಂಟೆಗೆ ಬರೋದು" ಎಂಬ ಉತ್ತರ ಬರುತ್ತದೆ. ಆ ನಾಲ್ಕು ಗಂಟೆಯವರೆಗೆ ತೆಂಗಿನ ಮರದ ಕೆಳಗೆ ಕೂತು, ಅವರ ಕೊಬ್ಬರಿಯ ಬೆಲೆ, ಮಗಳ ಓದು, ಬತ್ತಿದ ಬೋರ್‌ವೆಲ್ಲಿನ ಕತೆ ಕೇಳುತ್ತೇವೆ.

ವ್ಯಾನಿನಲ್ಲಿ ವಾಸಿಸುವವರ ಬಗೆಗಿನ ಮಾತುಗಳಲ್ಲಿ ಸ್ವಾತಂತ್ರ್ಯ ಎಂಬುದೇ ಹೆಚ್ಚಾಗಿ ಕೇಳಿಬರುತ್ತದೆ. ನನ್ನ ಅನುಭವ ಅದಕ್ಕೆ ತಿರುಗುಮುರುಗು. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ನಾನು ಯಾರ ಹಂಗಿನಲ್ಲಿಯೂ ಇಲ್ಲವೆಂದು ನಂಬಿಕೊಂಡಿರುವುದು ಸುಲಭವಾಗಿತ್ತು, ಏಕೆಂದರೆ ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರು, ಅದನ್ನು ತಂದವರು ಯಾರೆಂದು ತಿಳಿಯದೆಯೇ ನಲ್ಲಿಯಲ್ಲಿ ಬಂದು ಬೀಳುತ್ತಿತ್ತು. ಈಗ ಪ್ರತಿ ಬಕೆಟ್ಟಿನ ಹಿಂದೆಯೂ ಒಂದು ಮುಖವಿದೆ. ಗಾಲಿಯ ಮೇಲಿನ ಮನೆ ತನ್ನ ಕಾಲ ಮೇಲೆ ತಾನು ನಿಂತದ್ದಲ್ಲ. ಅದು ಊರಿನ ನಲ್ಲಿ, ಊರಿನ ಬಯಲು, ಊರಿನ ಸೌಜನ್ಯ ಇವುಗಳ ಮೇಲೆ ನಿಂತದ್ದು. ಈ ಬದುಕಿನ ಸುಖವೂ ಕಷ್ಟವೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನಗೆ ದಿನದಿನಕ್ಕೆ ಸ್ಪಷ್ಟವಾಗುತ್ತಿದೆ.

ವಿದ್ಯುತ್ತಿನ ವಿಷಯದಲ್ಲಿ ನಾವು ತಕ್ಕಮಟ್ಟಿಗೆ ಸ್ವಾವಲಂಬಿಗಳು. ಛಾವಣಿಯ ಮೇಲೆ 400 ವ್ಯಾಟಿನ ಸೋಲಾರ್ ಫಲಕಗಳು, ಮಂಚದ ಕೆಳಗೆ 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಅದು ತುಂಬಿದಾಗ ಎರಡೂವರೆ ಯೂನಿಟ್ ವಿದ್ಯುತ್ ಹಿಡಿದಿಟ್ಟುಕೊಳ್ಳುತ್ತದೆ. ಚಿಕ್ಕ ಫ್ರಿಜ್ಜು, ಒಂದು ಫ್ಯಾನು, ದೀಪಗಳು, ನನ್ನ ಅನುವಾದದ ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪು, ಚಟ್ನಿ ಅರೆಯುವಷ್ಟು ಹೊತ್ತು ಮಿಕ್ಸಿ: ಇವೆಲ್ಲ ಸೇರಿ ದಿನಕ್ಕೆ ಒಂದೂಕಾಲು ಯೂನಿಟ್ಟಿನ ಆಸುಪಾಸು. ಮಾಘದ ಬಿಸಿಲಿನಲ್ಲಿ ಚಿತ್ರದುರ್ಗದ ಕಡೆ ಇದ್ದರೆ ಖರ್ಚು ಕಳೆದು ಉಳಿಯುವಷ್ಟು ಉತ್ಪಾದನೆಯಾಗುತ್ತದೆ. ಒಂದು ಟನ್ನಿನ ಏರ್ ಕಂಡೀಷನರ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ನುಂಗುವುದರಿಂದ ಅದು ನಮ್ಮ ಮನೆಗೆ ಸಲ್ಲದ ವಸ್ತು. ಇಂಡಕ್ಷನ್ ಒಲೆಯೂ ಹಾಗೆಯೇ. 1,800 ವ್ಯಾಟ್ ಎಳೆಯುವ ಒಲೆಗೆ ನಮ್ಮ ಬ್ಯಾಟರಿಯಿಂದ 140 ಆಂಪಿಯರಿಗೂ ಮೀರಿ ಹರಿಯಬೇಕು. ಆದ್ದರಿಂದ ಅಡುಗೆ ಗ್ಯಾಸಿನಲ್ಲಿ. ಬಂಕುಗಳಲ್ಲಿಯೂ ಸಿಗುವ ಐದು ಕಿಲೋ ಸಿಲಿಂಡರಿಗೆ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿಯೊಂದಿದ್ದರೆ ಸಾಕೆಂಬುದು ನಮ್ಮಂಥವರಿಗೆ ದೊಡ್ಡ ಅನುಕೂಲ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದಕ್ಕಾಗಿ ಸೋರಿಕೆಯ ಅಲಾರಾಂ ನೆಲದಿಂದ ಗೇಣುದ್ದ ಎತ್ತರದಲ್ಲಿದೆ, ಸಿಲಿಂಡರಿನ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತುಗಳಿವೆ. ಇದನ್ನು ಮಾಡಿಸದೆ ವ್ಯಾನಿನಲ್ಲಿ ಒಂದು ರಾತ್ರಿಯೂ ಯಾರೂ ಮಲಗಬಾರದು.

ಬಿಸಿಲು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ ಎಂದು ತಿಳಿಯುವುದು ಸಹಜ. ಆದರೆ ಮೇ ತಿಂಗಳ ಕಲಬುರಗಿಯಲ್ಲಿ ಫಲಕವೇ ಕಾದು 60 ಡಿಗ್ರಿ ದಾಟಿರುತ್ತದೆ. 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ಶೇಕಡ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತಾ ಹೋಗುತ್ತದೆ. ತಗಡಿನ ಗೋಡೆಯ ಒಳಗೆ ರಬ್ಬರಿನ ಹಾಸು ಹೊದಿಸಿದ್ದರೂ ಮಧ್ಯಾಹ್ನದ ಹೊತ್ತಿಗೆ ಒಳಗಿರಲಾಗದು. ಬೇವಿನ ಮರದ ನೆರಳಿಗೆ ಹೋದರೆ ನಮಗೆ ತಂಪು, ಫಲಕಕ್ಕೆ ಉಪವಾಸ. ಆದ್ದರಿಂದ ಬೇಸಿಗೆಯಲ್ಲಿ ನಾವು ಚಿಕ್ಕಮಗಳೂರು, ಕೊಡಗಿನ ಎತ್ತರಕ್ಕೆ ಏರುತ್ತೇವೆ, ಮಳೆ ಹಿಡಿಯುವ ಮೊದಲೇ ಬಯಲುಸೀಮೆಗೆ ಇಳಿಯುತ್ತೇವೆ.

ಮಳೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಬದುಕನ್ನು ಬಿಟ್ಟುಬಿಡೋಣವೇ ಎಂದು ನಾನು ಯೋಚಿಸಿದ್ದು ಮಳೆಗಾಲದಲ್ಲಿಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚಳ್ಳಕೆರೆಯ ಕಡೆ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಹುಟ್ಟಿದ್ದು ತಿಪಟೂರಿನ ಕಡೆಯಾದ್ದರಿಂದ ಆಷಾಢದ ಮಲೆನಾಡನ್ನು ಒಮ್ಮೆ ಒಳಗಿದ್ದು ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ತೀರ್ಥಹಳ್ಳಿಯಾಚೆ ಪರಿಚಿತರ ಅಡಿಕೆ ತೋಟದ ಅಂಗಳದಲ್ಲಿ ವ್ಯಾನು ನಿಲ್ಲಿಸಿಕೊಂಡೆವು. ಮೊದಲೆರಡು ದಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತಾ ಮಲಗುವುದು ಎಂಥ ಭಾಗ್ಯವೆನಿಸಿತು. ಮೂರನೆಯ ದಿನ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಿತು. ಮೋಡದ ಅಡಿಯಲ್ಲಿ ಫಲಕಗಳು ದೀಪಕ್ಕಾಗುವಷ್ಟೇ ಕೊಡುತ್ತಿದ್ದವು. ಫ್ರಿಜ್ಜು ನಿಲ್ಲಿಸಿದೆವು. ಉಪ್ಪು ನೀರಾಯಿತು, ಹಪ್ಪಳ ಮೆತ್ತಗಾಯಿತು, ಬೆಲ್ಲ ಜಿನುಗಿತು, ಹಾಸಿಗೆಯ ಕೆಳಭಾಗದಲ್ಲಿ ಬಿಳಿಯ ಬೂಸ್ಟು ಕಾಣಿಸಿತು. ಕಿಟಕಿ ಮುಚ್ಚಿ ಮಲಗಿದರೆ ಇಬ್ಬರ ಉಸಿರಿನ ತೇವವೇ ಗಾಜಿನ ಮೇಲೆ ಹನಿಗಟ್ಟಿ ಮರದ ಚೌಕಟ್ಟಿಗೆ ಇಳಿಯುತ್ತದೆ; ತೆರೆದು ಮಲಗಿದರೆ ಎರಚಲು. ಅನ್ನ ಬೇಯಿಸಿದರೆ ಅದರ ಹಬೆಯೂ ಒಳಗೇ. ಒಣಗದ ಬಟ್ಟೆಯ ವಾಸನೆ ಅಕ್ಕಿಯ ಡಬ್ಬದವರೆಗೂ ಹೋಯಿತು. ಕಟ್ಟಕಡೆಗೆ ಛಾವಣಿಯ ಗಾಳಿಕಿಂಡಿಯ ಅಂಚಿನಿಂದ ನೀರು ತೊಟ್ಟಿಕ್ಕಿ, ನಾನು ಅರ್ಧ ಮುಗಿಸಿದ್ದ ಅನುವಾದದ ಟಿಪ್ಪಣಿ ಪುಸ್ತಕವನ್ನು ತೋಯಿಸಿತು.

ಆ ಮನೆಯ ಅಮ್ಮ ಬಚ್ಚಲೊಲೆಯ ಮೇಲಿನ ಅಟ್ಟವನ್ನು ನಮ್ಮ ಬಟ್ಟೆಗೆ ಬಿಟ್ಟುಕೊಟ್ಟರು. ಅಡಿಕೆ ಸಿಪ್ಪೆಯ ಬೆಂಕಿಯಲ್ಲಿ ಹಂಡೆ ನೀರು ಕಾಯುತ್ತಿತ್ತು. "ನಿಮ್ಮ ಗಾಡೀಲಿ ಎಂತ ಸ್ನಾನ ಮಾಡ್ತೀರಿ, ಇಲ್ಲೇ ಮೀಯಿರಿ" ಎಂದರು. ಎಣಿಕೆಯಿಲ್ಲದೆ ಸುರಿದುಕೊಂಡ ಆ ಬಿಸಿನೀರಿನ ಸುಖ ಎಂಥದೆಂದರೆ, ವ್ಯಾನಿನ ಬದುಕಿನ ನೆಮ್ಮದಿಗಳಲ್ಲಿ ಮೊದಲನೆಯದು ಯಾವುದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಬೇರೆಯವರ ಬಚ್ಚಲುಮನೆ.

ಆದರೂ ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣಗಳಿವೆ, ಅವುಗಳಲ್ಲಿ ಊಟವೂ ಒಂದು. ದೊಡ್ಡ ಫ್ರಿಜ್ಜಿಲ್ಲದ, ಕಪಾಟಿಲ್ಲದ ಮನೆಯವರು ಎರಡು ಮೂರು ದಿನಕ್ಕಾಗುವಷ್ಟೇ ಕೊಳ್ಳುತ್ತಾರೆ, ಆದ್ದರಿಂದ ಯಾವ ಊರಿನ ಸಂತೆ ಯಾವ ವಾರವೆಂಬುದೇ ನಮ್ಮ ಪಂಚಾಂಗ. ಉಡುಪಿಯ ಬಳಿ ಮಟ್ಟುವಿನಲ್ಲಿ ಮಟ್ಟುಗುಳ್ಳ ಬದನೆ, ಮೇ ತಿಂಗಳಲ್ಲಿ ಅಂಕೋಲಾದ ರಸ್ತೆಬದಿಯಲ್ಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಕರಿ ಇಶಾಡು ಮಾವು, ಗದಗದ ಕಡೆ ಬೆಳಗಿನ ಬಿಸಿ ರೊಟ್ಟಿಯ ಜೊತೆ ಅಗಸಿ ಹಿಂಡಿ: ಬೆಳೆದ ಮಣ್ಣಿನ ಹತ್ತಿರವೇ ತಿನ್ನುವ ಈ ಐಶ್ವರ್ಯ ಯಾವ ಮಹಾನಗರದ ಅಂಗಡಿಯಲ್ಲಿಯೂ ಸಿಗುವುದಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲು ಹಿಂಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಆ ಘಾಟು ರಾತ್ರಿ ದಿಂಬಿನಲ್ಲಿಯೂ ಇರುತ್ತದೆ. ಬಾಗಿಲು ತೆರೆದು ಒಗ್ಗರಣೆ ಹಾಕಿದರೆ ಅಕ್ಕಪಕ್ಕದವರು ಮಾತಿಗೆ ಬರುತ್ತಾರೆ. ದೋಸೆ ಹಿಟ್ಟಿನ ಪಾತ್ರೆ ಓಡುವ ವ್ಯಾನಿನಲ್ಲಿ ಉಕ್ಕಿ ಚೆಲ್ಲುವುದರಿಂದ, ಹಿಟ್ಟು ರುಬ್ಬಿದ ದಿನ ನಾವು ಪ್ರಯಾಣ ಮಾಡುವುದಿಲ್ಲ.

ಶೌಚದ ವಿಷಯವನ್ನು ಈ ಬಗೆಯ ಬರಹಗಳಲ್ಲಿ ತೇಲಿಸಿ ಹೇಳುವ ರೂಢಿಯಿದೆ. ಅದು ತಪ್ಪು. ಹೆಂಗಸರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಈ ಬದುಕಿನಲ್ಲಿ ಇಲ್ಲ. ನಮ್ಮಲ್ಲಿ ಕೆಳಗೆ ಪೆಟ್ಟಿಗೆಯಿರುವ ಚಿಕ್ಕ ಶೌಚಾಸನವಿದೆ, ರಾತ್ರಿಯ ತುರ್ತಿಗೆ ಮಾತ್ರ. ಆ ಪೆಟ್ಟಿಗೆಯನ್ನು ಖಾಲಿ ಮಾಡುವುದಕ್ಕೆ ಯುರೋಪಿನ ಕ್ಯಾಂಪ್ ಮೈದಾನಗಳಲ್ಲಿರುವಂತಹ ವ್ಯವಸ್ಥೆ ನಮ್ಮ ದಾರಿಗಳಲ್ಲಿ ಕಾಣಸಿಗದು. ಒಳಚರಂಡಿಗೋ ಗುಂಡಿಗೋ ಸೇರಿದ ಶೌಚಾಲಯವನ್ನು ಹುಡುಕಿ, ಅಲ್ಲಿನವರ ಒಪ್ಪಿಗೆ ಪಡೆದು, ಆಮೇಲೆ ತೊಳೆದುಕೊಟ್ಟು ಬರುತ್ತೇವೆ. ಹಳ್ಳಕ್ಕೆ, ಗದ್ದೆಯ ಬದುವಿಗೆ ಸುರಿದು ಹೋಗುವವರನ್ನು ಕಂಡಿದ್ದೇನೆ, ಕಂಡು ಸಿಟ್ಟಾಗಿದ್ದೇನೆ. ಹಗಲಿಗೆ ಕೆಎಸ್‌ಆರ್‌ಟಿಸಿ ನಿಲ್ದಾಣದ ಪಾವತಿ ಶೌಚಾಲಯ, ದೊಡ್ಡ ದೇವಸ್ಥಾನಗಳ ಯಾತ್ರಿ ನಿವಾಸ, ಪೆಟ್ರೋಲ್ ಬಂಕು. ಬಂಕಿನ ಶೌಚಾಲಯಕ್ಕೆ ಎಷ್ಟೋ ಕಡೆ ಬೀಗ ಹಾಕಿರುತ್ತದೆ, ಕೀಲಿ ಕೇಳಿದರೆ ಮಾಲೀಕರ ಮನೆಗೆ ಹೋಗಿದೆ ಎನ್ನುತ್ತಾರೆ. ಲಾರಿ ಡ್ರೈವರುಗಳಿಗೂ ಇದೇ ಉತ್ತರ. ಹೆಂಗಸೆಂಬ ಕಾರಣಕ್ಕೆ ನನಗೆ ಎರಡನೆಯ ಸಲ ಕೇಳಿದಾಗ ಕೀಲಿ ಸಿಗುತ್ತದೆ, ಅವರಿಗೆ ಸಿಗುವುದಿಲ್ಲ.

ರಾತ್ರಿ ಎಲ್ಲಿ ನಿಲ್ಲುವುದೆಂಬುದು ದಿನವೂ ಮಧ್ಯಾಹ್ನ ಮೂರರ ಹೊತ್ತಿಗೆ ತಲೆಗೆ ಬರುವ ಚಿಂತೆ. ಶಾಲೆಯ ಮೈದಾನಕ್ಕೆ ಮುಖ್ಯೋಪಾಧ್ಯಾಯರ ಒಪ್ಪಿಗೆ, ದೇವಸ್ಥಾನದ ಬಯಲಿಗೆ ಪೂಜಾರರ ಒಪ್ಪಿಗೆ, ಹೊಲಕ್ಕೆ ಹೊಲದವರ ಒಪ್ಪಿಗೆ. ಕಾಡಿನ ಅಂಚಿನಲ್ಲಿ ನಾವು ತಂಗುವುದಿಲ್ಲ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದೊಳಗೆ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಅದು ಇರಲೇಬೇಕಾದ ತಡೆ. ಗೇಟಿನಿಂದ ಹಿಂದೆಯೇ ಲಾರಿಗಳ ಸಾಲಿನಲ್ಲಿ ನಿಂತು ಬೆಳಗು ಕಾದಿದ್ದೇವೆ. ಡ್ರೈವರುಗಳು ಅಲ್ಲಿ ಪಂಪ್ ಸ್ಟವ್ವಿನ ಮೇಲೆ ಅನ್ನ ಬೇಯಿಸುತ್ತಾರೆ, ಕ್ಯಾಬಿನ್ನಿನಲ್ಲಿ ಕಾಲು ಮಡಚಿ ಮಲಗುತ್ತಾರೆ. ವಾಹನದಲ್ಲಿ ಬದುಕುವುದು ಹೊಸ ಕಾಲದ ಆವಿಷ್ಕಾರವೇನೂ ಅಲ್ಲ. 2025ರ ಅಕ್ಟೋಬರಿನಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಏರ್ ಕಂಡೀಷನರ್ ಕಡ್ಡಾಯವೆಂಬ ನಿಯಮ ಬಂದಿರುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟ ಸುದ್ದಿ.

ಬೀಟಿನ ಪೊಲೀಸರು ರಾತ್ರಿ ಹನ್ನೊಂದರ ನಂತರ ಬಾಗಿಲು ತಟ್ಟಿದಾಗ ಎದೆ ಹೊಡೆದುಕೊಳ್ಳುವುದು ಇಂದಿಗೂ ನಿಂತಿಲ್ಲ. ಟಾರ್ಚಿನ ಬೆಳಕಿನಲ್ಲಿ ಆರ್‌ಸಿ, ಆಧಾರ್ ನೋಡಿ, "ಬಾಗಿಲು ಭದ್ರ ಮಾಡ್ಕೊಳ್ಳಿ ಮೇಡಂ, ಏನಾದ್ರೂ ಆದ್ರೆ ಫೋನ್ ಮಾಡಿ" ಎಂದು ಹೇಳಿ ಹೋಗುತ್ತಾರೆ. ಆಧಾರಿನಲ್ಲಿರುವುದು ತಿಪಟೂರಿನ ನನ್ನ ಅಮ್ಮನ ಮನೆಯ ವಿಳಾಸ. ಮತವೂ ಅಲ್ಲಿಯೇ, ಬ್ಯಾಂಕಿನ ಕಾಗದಗಳೂ ಅಲ್ಲಿಗೇ. ತಾಯಿಮನೆಯೊಂದು ಇರುವುದರಿಂದ ನಾನು ಅಲೆಮಾರಿಯಲ್ಲ, ಪ್ರವಾಸಿ. ಅದೇ ಹೆದ್ದಾರಿಯ ಇನ್ನೊಂದು ಬದಿಯಲ್ಲಿ ಟಾರ್ಪಾಲಿನ ಗುಡಾರ ಹಾಕಿಕೊಂಡವರನ್ನು ಬೆಳಗಾಗುವುದರೊಳಗೆ ಎಬ್ಬಿಸಿ ಕಳುಹಿಸಿದ್ದನ್ನು ನೋಡಿದ್ದೇನೆ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1952ರಲ್ಲಿ ಅದು ರದ್ದಾದರೂ, ಆ ಅನುಮಾನದ ಕಣ್ಣು ಇನ್ನೂ ರದ್ದಾಗಿಲ್ಲ. ಮನೆಯಿದ್ದೂ ಅಲೆಯುವ ನಮಗೆ ಸಿಗುವ ನಗುಮುಖ, ಮನೆಯಿಲ್ಲದೆ ಅಲೆಯುವವರಿಗೆ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ವ್ಯಾನು ಕೆಟ್ಟರೆ ಮನೆಯೇ ಗ್ಯಾರೇಜಿಗೆ ಹೋಗುತ್ತದೆ. ಹಿರಿಯೂರಿನ ಹತ್ತಿರ ಹಿಂಬದಿಯ ಸ್ಪ್ರಿಂಗ್ ಪ್ಲೇಟು ಮುರಿಯಿತು. ಬಸ್ಸಿಗಾದರೆ ಜನ ಇಳಿದ ಮೇಲೆ ಭಾರ ಇಳಿಯುತ್ತದೆ. ಮಂಚ, ನೀರು, ಬ್ಯಾಟರಿ, ಪುಸ್ತಕ ಹೊತ್ತ ನಮ್ಮ ವ್ಯಾನಿನ ಸ್ಪ್ರಿಂಗುಗಳಿಗೆ ಹಗಲೂ ರಾತ್ರಿಯೂ ಬಿಡುವಿಲ್ಲ ಎಂದು ಮೆಕ್ಯಾನಿಕ್ಕು ವಿವರಿಸಿದರು. ಹೊಸ ಪ್ಲೇಟು ಬರುವವರೆಗೆ ಅವರ ವರ್ಕ್‌ಶಾಪಿನ ಅಂಗಳದಲ್ಲಿ, ಜಾಕಿನ ಮೇಲೆ ನಿಂತ ವ್ಯಾನಿನೊಳಗೆ ಇರುವಂತಿರಲಿಲ್ಲ. "ಅಕ್ಕಾ, ಆಫೀಸ್ ರೂಮಲ್ಲಿ ಚಾಪೆ ಹಾಕ್ಕೊಳ್ಳಿ, ಗೇಟಿಗೆ ಒಳಗಿಂದ ಬೀಗ ಹಾಕ್ಕೊಳ್ಳಿ" ಎಂದು ಕೀಲಿಗೊಂಚಲನ್ನೇ ಕೈಗಿಟ್ಟು ಮನೆಗೆ ಹೋದರು. ಜ್ವರ ಬಂದಾಗಲೂ ಹೀಗೆಯೇ. ಎದ್ದು ಓಡಾಡುವಷ್ಟು ಆರೋಗ್ಯವಿದ್ದಾಗ ಮಾತ್ರ ವ್ಯಾನು ಮನೆ, ಮಲಗುವ ಕಾಯಿಲೆ ಬಂದರೆ ಹುಬ್ಬಳ್ಳಿಯ ತಂಗಿಯ ಮನೆಯೇ ಗತಿ. ಗಂಡಹೆಂಡಿರ ಜಗಳಕ್ಕೂ ಒಳಗೆ ಇನ್ನೊಂದು ಕೋಣೆಯಿಲ್ಲ, ಒಬ್ಬರು ಹೊರಗೆ ನಡೆದುಬರಬೇಕು.

ಇಷ್ಟನ್ನೆಲ್ಲ ನಾನು ಬೇರೊಂದು ಕಣ್ಣಿನಿಂದ ನೋಡಲು ಕಲಿತದ್ದು ರೋಣದ ಕಡೆಯ ಒಂದು ಎರೆಹೊಲದಲ್ಲಿ. ಜೋಳದ ಕೊಯ್ಲು ಮುಗಿದಿತ್ತು. ಹೊಲದವರನ್ನು ಕೇಳಿ ಬದುವಿನ ಪಕ್ಕ ವ್ಯಾನು ನಿಲ್ಲಿಸಿದ್ದೆವು. ಸಂಜೆ ಕುರಿಮಂದೆಯೊಂದು ಬಂದು ಅದೇ ಹೊಲದಲ್ಲಿ ಇಳಿಯಿತು. ಕುದುರೆಯ ಮೇಲೆ ಬಲೆ, ಪಾತ್ರೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿಗಳು. ಹಿಂದೆ ನಾಯಿಗಳು, ಹೆಂಗಸರು, ಮಕ್ಕಳು. ನೋಡನೋಡುತ್ತಿದ್ದಂತೆ ಬಲೆ ಕಟ್ಟಿ ಹಟ್ಟಿ ಮಾಡಿದರು, ಮೂರು ಕಲ್ಲಿಟ್ಟು ಒಲೆ ಹೂಡಿದರು. ನಾವು ವರ್ಷಗಟ್ಟಲೆ ಯೋಚಿಸಿ ಹೊಂದಿಸಿದ ಮನೆಗಿಂತ ಅವರ ಮನೆ ಹಗುರವೂ ಚುರುಕೂ ಆಗಿತ್ತು. ರಾತ್ರಿ ಊಟವಾದ ಮೇಲೆ ಹಿರಿಯರೊಬ್ಬರು ನಮ್ಮ ಫಲಕ, ಬ್ಯಾಟರಿ ಎಲ್ಲವನ್ನೂ ಗಮನವಿಟ್ಟು ನೋಡಿ, ಕಡೆಗೆ ಕೇಳಿದರು: "ಹೊಲದವರಿಗೆ ನೀವೇನ್ ಕೊಡ್ತೀರಿ ಅಕ್ಕಾರ?"

ಅವರ ಲೆಕ್ಕ ನೇರವಾಗಿತ್ತು. ರಾತ್ರಿಯಿಡೀ ಹೊಲದಲ್ಲಿ ಕುರಿ ನಿಲ್ಲಿಸಿದರೆ ಅವುಗಳ ಹಿಕ್ಕೆ, ಮೂತ್ರ ಮಣ್ಣಿಗೆ ಗೊಬ್ಬರ. ಅದಕ್ಕಾಗಿ ರೈತರೇ ಕುರಿಯವರನ್ನು ಕರೆದು, ಕಾಳನ್ನೋ ಹಣವನ್ನೋ ಕೊಟ್ಟು ಮಂದೆ ಇಳಿಸಿಕೊಳ್ಳುತ್ತಾರೆ. ಅಲೆಯುವವನು ತಂಗಿದ ಜಾಗ ಮೊದಲಿಗಿಂತ ಫಲವತ್ತಾಗುವ ಈ ಏರ್ಪಾಟು ಡೆಕ್ಕನ್ನಿನ ಬಯಲಿನಲ್ಲಿ ಬಹಳ ಹಳೆಯದು. ನಾವು ಬಿಟ್ಟು ಹೋಗುವುದು ಡೀಸೆಲ್ಲಿನ ಹೊಗೆ, ಪಾತ್ರೆ ತೊಳೆದ ನೀರು. ಹಿರಿಯರು ಕುಹಕದಿಂದ ಕೇಳಿದ್ದಲ್ಲ. ಎಲ್ಲ ಅಲೆಮಾರಿಗಳ ಬಳಿಯೂ ಕೊಡುವುದಕ್ಕೆ ಏನಾದರೂ ಇರುತ್ತದೆಂದು ತಿಳಿದು ಕೇಳಿದ್ದು.

ಅಂದಿನಿಂದ ನಾವು ಕೆಲವು ರೂಢಿಗಳನ್ನು ಮಾಡಿಕೊಂಡಿದ್ದೇವೆ. ದಿನಸಿ, ಹಾಲು, ತರಕಾರಿ ತಂಗಿದ ಊರಿನಲ್ಲಿಯೇ ಕೊಳ್ಳುತ್ತೇವೆ. ಕಸವನ್ನು ಕಸದ ಗಾಡಿ ಬರುವ ಪಟ್ಟಣದವರೆಗೆ ಹೊತ್ತೊಯ್ಯುತ್ತೇವೆ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ನಮ್ಮವರು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ರಿಪೇರಿ ಮಾಡಿಕೊಡುತ್ತಾರೆ. ನಾನು ಬ್ಯಾಂಕಿನ, ಪಿಂಚಣಿಯ, ಬೆಳೆವಿಮೆಯ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಕುರಿಯ ಗೊಬ್ಬರಕ್ಕೆ ಇದು ಸಮವಲ್ಲ, ಆದರೆ ಬರಿಗೈಯಲ್ಲ.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ಪ್ರಕಟಿಸಿ, ಕ್ಯಾರವಾನ್ ಪಾರ್ಕುಗಳಿಗೆ ಉತ್ತೇಜನ ಕೊಟ್ಟಿದೆ. ನಮ್ಮಲ್ಲಿಯೂ ಅಂಥದು ಬರಲಿ ಎಂದು ಹಾರೈಸುವ ಗೆಳೆಯರಿದ್ದಾರೆ. ಹುಲ್ಲುಹಾಸು, ರೆಸ್ಟೋರೆಂಟು, ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆಯ ಬೇಲಿಕಟ್ಟಿದ ಪಾರ್ಕು ನನಗೆ ಬೇಕಾದದ್ದಲ್ಲ. ತಾಲ್ಲೂಕಿಗೆ ಒಂದು ಕಡೆ, ಲಾರಿಗಳು ಹೇಗೂ ಬಂದು ನಿಲ್ಲುವ ಎಪಿಎಂಸಿ ಯಾರ್ಡಿನ ಮೂಲೆಯಲ್ಲಿ, ಒಂದು ನಲ್ಲಿ, ಬೀಗವಿಲ್ಲದ ಶೌಚಾಲಯ, ಕೊಳೆ ನೀರು ಸುರಿಯುವ ಒಂದು ಗುಂಡಿ, ಬೆಳಗಿನವರೆಗೆ ಉರಿಯುವ ಒಂದು ದೀಪ ಇರಲಿ. ಈರುಳ್ಳಿ ಹೊತ್ತು ತಂದ ಡ್ರೈವರು, ಹೂವಿನಹಡಗಲಿ, ಹರಪನಹಳ್ಳಿ ಕಡೆಯಿಂದ ಮಂಡ್ಯಕ್ಕೆ ಕಬ್ಬು ಕಡಿಯಲು ಹೊರಟ ಕುಟುಂಬ, ಮಂದೆಯ ಮುಂದೆ ನೀರು ಹುಡುಕಿ ಬಂದ ಕುರಿಯವರು, ಜಾತ್ರೆಯಿಂದ ಜಾತ್ರೆಗೆ ಹೋಗುವ ಆಟಿಕೆ ಮಾರುವವರು ಎಲ್ಲರೂ ಬಳಸುವಂತೆ, ಯಾರ ಆಧಾರನ್ನೂ ಕೇಳದಂತೆ ಇರಲಿ. ಅಲ್ಲಿ ನಲ್ಲಿಯ ಮುಂದಿನ ಸರದಿಯಲ್ಲಿ ನಮ್ಮ ಬಕೆಟ್ಟು ಕೊನೆಯದಾಗಿದ್ದರೂ ಸರಿಯೇ.